ಸಂತ ರೋಕನ ರೊಟ್ಟಿ

1986ರ ಚಳಿಗಾಲ. ಜರ್ಸಿ ಸಿಟಿಯ ಒಂದು ಆಸ್ಪತ್ರೆಯಲ್ಲಿ ನಾನು ಡಯಟೀಶಿಯನ್ ಆಗಿದ್ದೆ. ಯಾವ ರೋಗಿಗೆ ಯಾವ ಊಟ, ಎಷ್ಟು ಕ್ಯಾಲರಿ ಎಂದು ನಿರ್ಧರಿಸುವುದು ನನ್ನ ಕೆಲಸ. ಆಗ ಏಡ್ಸ್ ಎಂದರೆ ಎಲ್ಲರೂ ಹಿಂದೆ ಸರಿಯುತ್ತಿದ್ದರು. ಊಟ ಕೊಟ್ಟರೆ ಅದು ಅಂಟುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿಯಾಗಿತ್ತು. ಕೇಳಿಸಿಕೊಳ್ಳುವವರು ಬೇಕಲ್ಲ!

ಟೋನಿ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದವನು. ಏಡ್ಸ್‌ನಿಂದ ಕಡ್ಡಿಯಾಗಿದ್ದ. ನಾನು ಎಷ್ಟು ಪುಷ್ಟಿಕರ ಊಟ ಬರೆದರೂ ತೂಕ ಇಳಿಯುತ್ತಲೇ ಇತ್ತು. ‘ರೋಗಿ ಊಟ ನಿರಾಕರಿಸಿದ್ದಾನೆ’ ಎಂದು ಅಡುಗೆ ವಿಭಾಗದವರು ದಿನವೂ ಹೇಳುತ್ತಿದ್ದರು. ಕಾರಣ ಕೇಳಲು ಒಂದು ಮಧ್ಯಾಹ್ನ ಅವನ ಕೋಣೆಗೆ ಹೋದೆ.

ಮಂಚದೆದುರು ಗೋಡೆಗೆ ಒಂದು ಚಿತ್ರ ಅಂಟಿಸಿಕೊಂಡಿದ್ದ. ಇಟಲಿಯ ರಿನೈಸಾನ್ಸ್ ಕಾಲದ್ದು, ಸಂತ ರೋಕ್. ಪ್ಲೇಗ್ ರೋಗಿಗಳ ಸಂತನಂತೆ. ನಮ್ಮಲ್ಲಿ ಪ್ಲೇಗಮ್ಮ ಇದ್ದ ಹಾಗೆ. ತೊಡೆಯ ಮೇಲಿನ ಗಾಯವನ್ನು ಬೆರಳಿಟ್ಟು ತೋರಿಸುತ್ತಿದ್ದಾನೆ. ಕಾಲ ಬಳಿ ರೊಟ್ಟಿ ಕಚ್ಚಿಕೊಂಡ ನಾಯಿ.

“ಎಲ್ಲರೂ ಗಾಯವನ್ನೇ ನೋಡುತ್ತಾರೆ,” ಎಂದ ಟೋನಿ. “ಅವನ ಕೋಲು, ಬಟ್ಟೆಯ ಮಡಿಕೆ, ಬೆರಳು, ಎಲ್ಲ ಗೆರೆಗಳೂ ಎಲ್ಲಿಗೆ ಇಳಿಯುತ್ತವೆ ನೋಡಿ. ರೊಟ್ಟಿಗೆ! ಅವನಿಗೂ ರೋಗ ತಗುಲಿ ಕಾಡು ಸೇರಿದಾಗ ಊರವರು ಬರಲಿಲ್ಲ, ರೊಟ್ಟಿ ಕಚ್ಚಿಕೊಂಡು ನಾಯಿ ಬಂತು.”

“ಮತ್ತೆ ನೀವೇಕೆ ಊಟ ಬೇಡ ಅನ್ನುತ್ತೀರಿ?”

“ನಾನೆಲ್ಲಿ ಬೇಡ ಅಂದೆ?”

ಅಷ್ಟರಲ್ಲಿ ಹೊರಗೆ ಟ್ರೇ ಇಟ್ಟ ಸದ್ದಾಯಿತು. ಬಾಗಿಲು ತೆಗೆದರೆ ಕಾರಿಡಾರಿನ ನೆಲದ ಮೇಲೆ ಊಟ. ಇಟ್ಟವರು ಆಗಲೇ ಮಾಯ. ಹಾಸಿಗೆಯಿಂದ ಏಳಲಾರದವನ ಊಟ! ಆಮೇಲೆ ಹಾಗೇ ಎತ್ತಿಕೊಂಡು ಹೋಗಿ ‘ನಿರಾಕರಿಸಿದ್ದಾನೆ’ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಟೋನಿಗೆ ಸೂಪ್ ಕುಡಿಸಿ ನೇರ ಅಡುಗೆ ವಿಭಾಗಕ್ಕೆ ಇಳಿದೆ. ಅಲ್ಲಿನ ಸೂಪರ್‌ವೈಸರ್ ಮಂಜುನಾಥ್ ಮೈಸೂರಿನವರು.

“ಸ್ಟಾಫ್ ಹೆದರ್ತಾರೆ ಮೇಡಂ, ಫೋರ್ಸ್ ಮಾಡೋಕಾಗಲ್ಲ. ಟ್ರೇ ಡೆಲಿವರ್ ಆಗಿದೆಯಲ್ಲ?”

ನಾನು ಧಾರವಾಡದವಳು; ಸಿಟ್ಟು ಬಂದರೆ ಊರಿನ ಮಾತೇ ಬರುತ್ತದೆ. “ಡೆಲಿವರ್ ಅಂತೀರಲ್ರೀ, ನಾಚಿಕಿ ಆಗೂದಿಲ್ಲೇನು? ಅಂವಾ ಏಳಂಗಿಲ್ಲ ಅಂತ ಗೊತ್ತಿದ್ದೂ ನೆಲದ ಮ್ಯಾಲ ಇಟ್ಟು ಬರ್ತೀರಿ. ಅದರ ಮ್ಯಾಲ ಅಂವನೇ ಬ್ಯಾಡಂದಾನ ಅಂತ ಸುಳ್ಳು! ನಾಳಿಂದ ನೀವೇ ಒಳಗ ಒಯ್ಯಬೇಕು, ನಾನೂ ಬರ್ತೀನಿ.”

ಮರುದಿನ ಮಂಜುನಾಥ್ ಬಂದರು. ಟ್ರೇಯನ್ನು ಒಳಗೆ ತಂದು ಹಾಸಿಗೆಯ ಬಳಿ ಇಟ್ಟರು. ಟೋನಿ ಅರ್ಧ ಊಟ ಮಾಡಿದ. ತಿಂಗಳೊಳಗೆ ತೀರಿಕೊಂಡ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ನನಗೆ ಅಂದಿನಿಂದ ಅದಕ್ಕೆ ನಗು ಬಂದಿಲ್ಲ.

ರೋಗಿ ಊಟ ಬೇಡವೆಂದನೆಂಬ ಮಾತನ್ನು, ರೋಗಿಯ ಬಾಯಿಂದಲೇ ಕೇಳದೆ, ನಿವೃತ್ತಿಯವರೆಗೂ ನಾನು ನಂಬಲಿಲ್ಲ. ನನ್ನ ಸಿಟ್ಟಂತೂ ಇಂದಿಗೂ ಇಳಿದಿಲ್ಲ. ಏಡ್ಸ್‌ಗೆ ಆಗ ಮದ್ದಿರಲಿಲ್ಲ. ಹಸಿವಿಗಿತ್ತು, ಅದನ್ನು ಬಾಗಿಲಾಚೆ ಇಟ್ಟಿದ್ದೆವು.