ಷಡ್ಡಕನೆದುರು ಸಿಕ್ಕಿಕೊಳ್ಳುವ ಪಿಸ್ತೂಲು

ನಮ್ಮ ಕಥಾನಾಯಕ ಟೈಲರ್. ಊರಿನ ಗಣ್ಯರೆಲ್ಲರ ಸೊಂಟದ ಸುತ್ತಳತೆ ಅವನಿಗೆ ಬಾಯಿಪಾಠ, ಆದರೂ ಅದನ್ನು ಹೇಳಿಕೊಂಡು ಯಾರ ಮಾನವನ್ನೂ ಕಳೆದವನಲ್ಲ. ಮಹಡಿ ಮೆಟ್ಟಿಲಿನ ಕೆಳಗಿನ ಉದ್ದನೆಯ ಕೋಣೆಯೇ ಅವನ ಅಂಗಡಿ. ಎರಡು ಹೊಲಿಗೆಯಂತ್ರ, ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ, ಬಾಗಿಲ ಬಳಿ ಅಂಗಿ ತೊಟ್ಟು ನಿಂತ ತಲೆಯಿಲ್ಲದ ಬೊಂಬೆ. ವಾರವೆಲ್ಲ ಅಲ್ಲಿ ಬೆನ್ನು ಬಗ್ಗಿಸಿ ಕೂರುವ ಈ ಮನುಷ್ಯ, ಭಾನುವಾರ ಬಂತೆಂದರೆ ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ಎದೆಯುಬ್ಬಿಸಿ ನಿಂತು, ಒಂದು ಕೈ ಚಾಚಿ, ಕಾಗದದ ಗುರಿಗೆ ಗುಂಡು ಹೊಡೆಯುತ್ತಿದ್ದ. ನಿಂತ ಭಂಗಿ ನೋಡಿದರೆ ಸೇನಾಪತಿಗಳೂ ದಾರಿ ಬಿಡಬೇಕು.

ಅವನ ಆಯುಧ ಲೈಸೆನ್ಸ್ ಮಾಡಿಸಿ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಒಂದು ಹಳೇ ಪಿಸ್ತೂಲು. ಅದಕ್ಕೆ ಹಾಕುವ ತೋಟಾ ಕಿರುಬೆರಳ ತುದಿಗಿಂತ ತೆಳ್ಳಗಿನದು. ಅದನ್ನು ಹೊತ್ತಿಸುವ ಮದ್ದು ಹಿಂಬದಿಯ ನಡುವೆ ಇರುವುದಿಲ್ಲ, ಅಂಚಿನ ಸುತ್ತ ಇರುತ್ತದೆ. ಪಿಸ್ತೂಲಿನೊಳಗಿನ ಪಿನ್ನು ಹೋಗಿ ಆ ಅಂಚಿಗೆ ಬಡಿದರೆ ಗುಂಡು ಹಾರುತ್ತದೆ. ಇಷ್ಟು ತಿಳಿದಿದ್ದರೆ ಮುಂದಿನ ಮಹಾಯುದ್ಧ ಅರ್ಥವಾಗುತ್ತದೆ.

ಈ ಪಿಸ್ತೂಲಿಗೊಂದು ರೋಗ. ನಾಲ್ಕೈದು ಗುಂಡು ಸಲೀಸಾಗಿ ಹಾರಿಸಿ, ಆಮೇಲೆ ಖಾಲಿ ತೋಟಾವನ್ನು ಹೊರಗೆ ಉಗುಳದೆ ಬಾಯಲ್ಲೇ ಕಚ್ಚಿಕೊಂಡು ಕೂರುತ್ತಿತ್ತು. ಪಕ್ಕದ ಸಾಲಿನಲ್ಲಿ ಷಡ್ಡಕ ನಿಂತಾಗಲಂತೂ ತಪ್ಪದೆ. ಷಡ್ಡಕನೆಂದರೆ ಟೈಲರನ ನಾದಿನಿಯ ಗಂಡ, ಬೇಕರಿಯವನು. ಹೊಟ್ಟೆ ಮುಂದೆ, ಪಿಸ್ತೂಲು ಅದಕ್ಕಿಂತ ಸ್ವಲ್ಪ ಮುಂದೆ ಇಟ್ಟುಕೊಂಡು, ಬ್ರೆಡ್ಡು ಕೊಯ್ದಷ್ಟೇ ನಿರಾಳವಾಗಿ ಹೊಡೆಯುತ್ತಿದ್ದ.

"ಏನಣ್ಣ, ಇವತ್ತೂ ಮುನಿಸಿಕೊಂಡ್ತಾ ನಿಮ್ಮ ಸವತಿ?" ಎನ್ನುತ್ತಿದ್ದ.

"ಸವತಿ ಇರೋದು ನಿಮ್ಮಕ್ಕಂಗೆ ಕಣಯ್ಯ, ನನಗಲ್ಲ. ನೀನು ನಿನ್ನ ಗುರಿ ನೋಡು."

ಕ್ಲಬ್ಬಿನವರು ಮಾತ್ರ ಟೈಲರನನ್ನು ಕಂಡರೆ ಅಯ್ಯೋ ಅನ್ನುತ್ತಿದ್ದರು. 'ಎಂಥಾ ಕೈ! ಪಿಸ್ತೂಲು ಕೈಕೊಡದೆ ಇದ್ದಿದ್ದರೆ ಇವನು ಎಲ್ಲೋ ಇರಬೇಕಾದವನು' ಎಂಬ ಮಾತು ಅಲ್ಲಿ ಚಾಲ್ತಿಯಲ್ಲಿತ್ತು. ಆ ಮಾತನ್ನು ಅವನು ಹೊಸ ಕೋಟಿನಂತೆ ತೊಟ್ಟುಕೊಂಡು ಓಡಾಡುತ್ತಿದ್ದ.

ಹೀಗಿರುವಾಗ ಕ್ಲಬ್ಬಿನ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ಉಮೇದುವಾರರು ಇಬ್ಬರೇ, ಟೈಲರ್ ಮತ್ತು ಷಡ್ಡಕ. ಬರುವ ಭಾನುವಾರ ಇಬ್ಬರೂ ಅಕ್ಕಪಕ್ಕ ನಿಂತು ಹೊಡೆಯಬೇಕು, ಹೆಚ್ಚು ಅಂಕ ತೆಗೆದವನಿಗೆ ಜಾಗ. ಸೋತವನು ಮುಂದೆ ಮನೆಮಂದಿ ಸೇರಿದ ಪ್ರತಿ ಊಟದಲ್ಲೂ ಗೆದ್ದವನ ವರದಿ ಕೇಳಬೇಕು. ಪಂಥ ಅಷ್ಟು ಘೋರವಾದದ್ದು.

ಟೈಲರ್ ಚಿಕಿತ್ಸೆಗೆ ಸೊಂಟ ಕಟ್ಟಿದ. ಮೊದಲು ತಪ್ಪು ತೋಟಾದ್ದು ಎಂದು ಬೇರೆ ಪೆಟ್ಟಿಗೆ ತಂದ. ಸಿಕ್ಕಿಕೊಂಡಿತು. ಆಮೇಲೆ ಹೊಲಿಗೆಯಂತ್ರದ ಎಣ್ಣೆಯನ್ನು ಸಂದುಗೊಂದಿಗೆಲ್ಲ ಧಾರಾಳವಾಗಿ ಬಿಟ್ಟ. ತೋಟಾಕ್ಕೆ ಸವರಿದ್ದ ಮೇಣ, ಮದ್ದಿನ ಮಸಿ, ಈ ಎಣ್ಣೆ ಮೂರೂ ಸೇರಿ ಒಳಗೆ ಒಳ್ಳೇ ಗೋಂದು ತಯಾರಾಯಿತು. ಈಗ ಎರಡನೇ ಗುಂಡಿಗೇ ಸಿಕ್ಕಿಕೊಳ್ಳತೊಡಗಿತು. ಸರಿ, ಪೂರ್ತಿ ಬಿಚ್ಚಿ ತೊಳೆಯುತ್ತೇನೆಂದು ಕತ್ತರಿಸುವ ಮೇಜಿನ ಮೇಲೆ ಹಳೇ ಬಟ್ಟೆ ಹಾಸಿ ಕೂತ. ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿದ. ಬಿಚ್ಚುತ್ತಿದ್ದಂತೆ ಒಳಗಿನ ಸ್ಪ್ರಿಂಗ್ ಟಣ್ಣನೆ ಹಾರಿ ಬಟ್ಟೆ ಚೂರುಗಳ ರಾಶಿಗೆ ಬಿದ್ದು ಅಂತರ್ಧಾನವಾಯಿತು. ನೆಲದ ಸೂಜಿ ಎತ್ತುವ ಅಯಸ್ಕಾಂತ ಹಿಡಿದು ಗಂಡಹೆಂಡಿರು ಮಂಡಿಯೂರಿ ಕೋಣೆಯನ್ನು ಜಾಲಾಡಿದರು. ಕಳೆದುಹೋದ ಸೂಜಿ, ಕೊಕ್ಕೆ, ಗುಂಡುಪಿನ್ನುಗಳ ಒಂದು ಸೈನ್ಯವೇ ಮೇಲೆದ್ದು ಬಂತು. ಅದರ ಬಾಲಕ್ಕೆ ಸ್ಪ್ರಿಂಗೂ ಇತ್ತು.

ಎಲ್ಲ ತೊಳೆದು, ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಜೋಡಿಸಿ ಕ್ಲಬ್ಬಿಗೆ ಓಡಿದ. ಗೋಂದಿನ ಕಾಟ ತೀರಿತ್ತು. ಆದರೆ ಹಳೇ ರೋಗ ಹಾಗೇ ಇತ್ತು. ಖಾಲಿ ತೋಟಾಗಳನ್ನು ಜೇಬಿಗೆ ತುಂಬಿಕೊಂಡು ಮುಖ ಇಳಿಬಿಟ್ಟು ಬಂದ.

ಅಂಗಿ ಗುಂಡಿಗೆ ಕಾಜ ಹೊಲಿಯುತ್ತಿದ್ದ ಹೆಂಡತಿ ಕನ್ನಡಕದ ಮೇಲಿಂದ ನೋಡಿದಳು. "ರೀ, ಯಂತ್ರ ನಡುನಡುವೆ ಹೊಲಿಗೆ ಬಿಟ್ಟು ಬಿಟ್ಟು ಹೋದ್ರೆ ನೀವು ಮೊದಲು ಏನು ನೋಡ್ತೀರಿ?"

"ಬಟ್ಟೆ ನೋಡ್ತೀನಿ. ಎಲ್ಲಿ ಬಿಟ್ಟಿದೆ ಅಂತ."

"ಮತ್ತೆ ಇದರಲ್ಲಿ ಬರೀ ಯಂತ್ರದ ಜೊತೆ ಗುದ್ದಾಡ್ತಿದೀರಲ್ಲ? ಕೊಡಿ ಇಲ್ಲಿ ಆ ಚಿಪ್ಪುಗಳ್ನ."

ಖಾಲಿ ತೋಟಾಗಳನ್ನು ಬಿಳಿ ಬಟ್ಟೆಯ ಮೇಲೆ ಸುರಿದು, ಒಂದೊಂದನ್ನೇ ದೀಪಕ್ಕೆ ಹಿಡಿದು ತಿರುಗಿಸಿದಳು. ಪ್ರತಿಯೊಂದರ ಮೈಮೇಲೂ ಒಂದು ಸಣ್ಣ ಗೀರು, ಪಿನ್ನು ಬಡಿದ ಗುರುತಿನ ನೇರಕ್ಕೇ.

"ಪಿನ್ನು ಬೀಳೋ ಜಾಗದಲ್ಲೇ ಒಳಗೇನೋ ಚುಚ್ತಿದೆ. ಅದಿರ್ಲಿ, ದಿನಾ ಸಂಜೆ ಬೊಂಬೆಗೆ ಟಿಕ್ ಟಿಕ್ ಅಂತ ಹೊಡೀತೀರಲ್ಲ, ಆಗ ಒಳಗೆ ತೋಟಾ ಇರಲ್ಲ ಅಲ್ವಾ?"

"ಇದ್ದಿದ್ರೆ ಬೊಂಬೆ ಉಳೀತಿತ್ತಾ ಮಾರಾಯ್ತಿ?"

"ಹಾಗಾದ್ರೆ ಆ ಪಿನ್ನು ಹೋಗಿ ಯಾವುದಕ್ಕೆ ಬಡಿಯತ್ತೆ?"

ಟೈಲರ್ ಬೊಂಬೆಯತ್ತ ತಿರುಗಿ ನೋಡಿದ. ಅಂಗಡಿ ಮುಚ್ಚುವ ಹೊತ್ತಿಗೆ ಖಾಲಿ ಪಿಸ್ತೂಲು ಹಿಡಿದು ಬೊಂಬೆಯ ಅಂಗಿಯ ಮೂರನೇ ಗುಂಡಿಗೆ ಗುರಿಯಿಟ್ಟು ಟ್ರಿಗರ್ ಒತ್ತುವುದು ಅವನ ನಿತ್ಯದ ತಾಲೀಮು. ಅಂಚಿಗೆ ಬಡಿಯುವ ಪಿನ್ನು, ತೋಟಾದ ಅಂಚು ಸಿಗದಿದ್ದಾಗ ತೋಟಾ ಕೂರುವ ಗೂಡಿನ ಉಕ್ಕಿನ ಅಂಚನ್ನೇ ಕುಟ್ಟುತ್ತಿತ್ತು. ಇವನ ಶ್ರದ್ಧೆಯೇ ದಿನಕ್ಕಿಷ್ಟರಂತೆ ಪಿಸ್ತೂಲಿನ ಹಲ್ಲು ಮುರಿಯುತ್ತಿತ್ತು.

ಮಾರನೆಯ ದಿನ ಕ್ಲಬ್ಬಿನ ಆಯುಧ ರಿಪೇರಿಯವನು ಗೂಡಿನೊಳಗೆ ದೀಪ ಬಿಟ್ಟು ನೋಡಿ ನಕ್ಕ. ಅಂಚು ಜಜ್ಜಿ ಒಳಮುಖವಾಗಿ ಒಂದು ಮುಳ್ಳು ಎದ್ದಿತ್ತು. ಸಣ್ಣ ಉಪಕರಣ ತೂರಿಸಿ, ಒತ್ತಿ ತಿರುಗಿಸಿ ಅದನ್ನು ಮಟ್ಟ ಮಾಡಿದ. ಗೋಡೆಗೆ ಸ್ಕ್ರೂ ಕೂರಿಸಲು ಹಾಕುವ ಹಳದಿ ಪ್ಲಾಸ್ಟಿಕ್ ಬೆಣೆಗಳನ್ನು ಒಂದು ಹಿಡಿ ಕೈಗಿಟ್ಟ. "ಬೊಂಬೆ ಮೇಲೆ ಅಷ್ಟೊಂದು ದ್ವೇಷ ಇದ್ರೆ ಇದನ್ನ ಒಳಗಿಟ್ಟು ಒತ್ತಿ ಸಾಹೇಬ್ರೇ. ಪಿನ್ನು ಇದಕ್ಕೆ ಬಡಿದುಕೊಳ್ಳಲಿ."

ಭಾನುವಾರ ಬಂತು. ಟೈಲರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಿನಲ್ಲಿ ನಿಂತ. ಪಕ್ಕದಲ್ಲಿ ಷಡ್ಡಕನ ಹೊಟ್ಟೆ. ಮೊದಲ ಗುಂಡು ಹಾರಿತು, ಚಿಪ್ಪು ಹೊರಗೆ ಚಿಮ್ಮಿತು. ಎರಡನೆಯದು, ಮೂರನೆಯದು, ಐದನೆಯದು, ಯಾವುದೂ ಸಿಕ್ಕಿಕೊಳ್ಳಲಿಲ್ಲ. ಪಿಸ್ತೂಲು ಹೊಸ ಯಂತ್ರದಂತೆ ಹೊಲಿಯುತ್ತ ಹೋಯಿತು. ಆರನೆಯದಕ್ಕೆ ಟೈಲರನಿಗೆ ಯಾಕೋ ಕಸಿವಿಸಿ. ಇಷ್ಟು ಹೊತ್ತಿಗೆ ಅದು ಸಿಕ್ಕಿಕೊಂಡು, ಅವನು ನಿಟ್ಟುಸಿರು ಬಿಟ್ಟು, ಸುತ್ತಲಿನವರು ಅಯ್ಯೋ ಎಂದು, ಕೈಗೆ ಒಂದಿಷ್ಟು ಬಿಡುವು ಸಿಗಬೇಕಿತ್ತು. ಈಗ ಬಿಡುವೇ ಇಲ್ಲ. ತೋಳು ಸೋತಿತು, ನಳಿಗೆ ಕೆಳಗೆ ಜಗ್ಗಿತು. ಗುಂಡುಗಳು ಕಪ್ಪು ವೃತ್ತವನ್ನು ಬಿಟ್ಟು ಬಿಳಿ ಕಾಗದದಲ್ಲಿ ವಿಹಾರ ಹೊರಟವು. ಪಕ್ಕದಲ್ಲಿ ಬ್ರೆಡ್ಡು ಕೊಯ್ಯುವ ಕೆಲಸ ನಿರಾಳವಾಗಿ ನಡೆದಿತ್ತು.

ಕಾಗದಗಳನ್ನು ತಂದು ಮೇಜಿನ ಮೇಲೆ ಹರಡಿದರು. ಲೆಕ್ಕ ಹಾಕುವ ಅಗತ್ಯವೇ ಬೀಳಲಿಲ್ಲ. ಸುತ್ತ ನಿಂತವರು ಅಭ್ಯಾಸಬಲದಿಂದ ಅಯ್ಯೋ ಅನ್ನಲು ಬಾಯಿ ತೆರೆದಿದ್ದರು. ಷಡ್ಡಕನೂ ಕೆಟ್ಟವನಲ್ಲ, ತಾನೇ ಮುಂದೆ ಬಂದು ಮಾನ ಉಳಿಸಿಕೊಳ್ಳಲು ಒಂದು ದಾರಿ ತೋರಿಸಿದ.

"ಮತ್ತೆ ಸಿಕ್ಕಿಕೊಂಡಿತೇನಣ್ಣ? ನನಗೇನೋ ನಡುವೆ ಹಾಗೆ ಕಂಡಿತಪ್ಪ."

ಎಲ್ಲರ ಕಣ್ಣೂ ಟೈಲರನ ಮೇಲೆ. ಹೂಂ ಎಂದು ತಲೆಯಾಡಿಸಿದರೆ ಸಾಕಿತ್ತು, ಆ ಹೊಗಳಿಕೆಯ ಹೊಸ ಕೋಟು ಮೈಮೇಲೆ ಹಾಗೇ ಉಳಿಯುತ್ತಿತ್ತು.

"ಇಲ್ಲ ಕಣಯ್ಯ," ಅಂದ. "ಒಂದೂ ಸಿಕ್ಕಿಕೊಳ್ಳಲಿಲ್ಲ. ಅದು ಚೆನ್ನಾಗೇ ಹೊಡೀತು. ಹಿಡಿದಿದ್ದೋನು ನಾನು."

ಷಡ್ಡಕ ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಕೊಟ್ಟ. ಟೈಲರ್ ಒಂದನ್ನು ಬಾಯಿಗಿಟ್ಟು, ಪಿಸ್ತೂಲಿನ ನಳಿಗೆಗೆ ಒರೆಸುವ ಬಟ್ಟೆ ತೂರಿಸತೊಡಗಿದ.