ವಿಮಾನ ತಡ, ಅವ್ವಗ ಆರಾಮಿಲ್ಲ

ಮಸ್ಕತ್ತಿಗೆ ಬಂದ ದಿನ ವಿಮಾನದಲ್ಲಿ ನನ್ನ ಪಕ್ಕ ಕುಳಿತಿದ್ದ ಗಂಡಸು ಸದ್ದಿಲ್ಲದೆ ಅಳುತ್ತಿದ್ದ. ಹೆಂಡತಿ ಮಕ್ಕಳನ್ನು ಬಿಟ್ಟು ಮೊದಲ ಬಾರಿ ಹೊರಟವನಿರಬೇಕು. ಮುಂದಿನ ಸೀಟು ಅವನ ಮೊಣಕಾಲನ್ನು ಒತ್ತುತ್ತಿತ್ತು. ಅಷ್ಟರಲ್ಲಿ ತಲೆಯ ಮೇಲಿಂದ ಮೆದು ದನಿಯೊಂದು ಹೇಳಿತು: ಹಿಂದಕ್ಕೊರಗಿ, ಆರಾಮಾಗಿ ಕುಳಿತು ಪ್ರಯಾಣವನ್ನು ಆನಂದಿಸಿ. ನಮ್ಮೂರು ವಾಡಿಯಲ್ಲಿ ಯಾರೂ ಯಾರಿಗೂ ಆನಂದಿಸಿ ಎನ್ನುವುದಿಲ್ಲ. ಕುಂದ್ರಿ, ಚಾ ಕುಡೀರಿ ಅನ್ನುತ್ತಾರೆ. ಇಳಿಯುವಾಗ ಅದೇ ದನಿ, ನಿಮಗೆ ಬೇರೆ ಆಯ್ಕೆಗಳಿದ್ದವೆಂದು ಬಲ್ಲೆವು, ನಮ್ಮನ್ನೇ ಆರಿಸಿಕೊಂಡದ್ದಕ್ಕೆ ಧನ್ಯವಾದ ಎಂದಿತು. ಅವನ ಟಿಕೆಟ್ ತೆಗೆದವನು ಗುತ್ತಿಗೆದಾರ, ನನ್ನದು ತೆಗೆದವನು ನನ್ನ ಗಂಡ. ಆಯ್ಕೆ ಎಲ್ಲಿತ್ತೋ ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಗಂಡ ಇಲ್ಲಿ ಗಾಡಿ ರಿಪೇರಿ ಮಾಡುತ್ತಾನೆ. ನಮ್ಮದು ಒಂದು ಕೋಣೆಯ ಸಂಸಾರ, ಅಡುಗೆಮನೆ ಕೇರಳದವರೊಂದಿಗೆ ಪಾಲು. ಇಲ್ಲಿಯವರು ಖುಬ್ಜ್ ಎಂಬ ರೊಟ್ಟಿಯನ್ನು ಅಂಗಡಿಯಿಂದ ತರುತ್ತಾರೆ. ಅದು ನೋಡಲು ದುಂಡಗಿದೆ, ಬಾಯಿಗಿಟ್ಟರೆ ಅರಿವೆ ಅಗಿದ ಹಾಗಾಗುತ್ತದೆ. ಊರಿಂದ ತಂದ ಜೋಳದ ಹಿಟ್ಟಿನಲ್ಲಿ ಮೊದಲ ಸಲ ರೊಟ್ಟಿ ಬಡಿಯಲು ಕುಳಿತಾಗ, ಕೆಳಗಿನ ಮನೆಯ ಒಮಾನಿ ಮುದುಕಿ ಮೇಲೆ ಬಂದು ಗೋಡೆ ಯಾಕೆ ಒಡೆಯುತ್ತಿದ್ದೀರಿ ಎಂದು ಕೇಳಿದಳು. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಅಂದಿನಿಂದ ಬಡಿಯುವ ಸದ್ದು ಕೇಳಿದರೆ ಸಾಕು, ತಟ್ಟೆ ಹಿಡಿದುಕೊಂಡೇ ಬರುತ್ತಾಳೆ. ಅವಳಿಂದಲೇ ಅರಬ್ಬಿ ಕಲಿತೆ. ಶ್ವಯ್ ಶ್ವಯ್ ಎಂದರೆ ಮೆಲ್ಲಗೆ. ಸಬರ್ ಎಂದರೆ ತಾಳ್ಮೆ, ನಮ್ಮ ಕಡೆ ಸಬೂರ್ ಅನ್ನುತ್ತಾರಲ್ಲ, ಅದೇ. ಆ ಒಂದು ಪದ ಕೇಳಿದ ದಿನ ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು.

ಆಮೇಲೆ ವಿಮಾನ ನಿಲ್ದಾಣದಲ್ಲೇ ಕೆಲಸ ಸಿಕ್ಕಿತು. ಜನ ವಿಮಾನ ಹತ್ತುವ ಬಾಗಿಲಲ್ಲಿ ನಿಂತು ಮೈಕಿನಲ್ಲಿ ಮಾತಾಡುವುದು. ನನ್ನನ್ನು ಕೆರಳಿಸಿದ್ದ ಮಾತುಗಳನ್ನೆಲ್ಲ ಈಗ ನಾನೇ ಆಡಬೇಕು. ಕೊನೆಯ ಹಾಗೂ ಅಂತಿಮ ಕರೆ ಎನ್ನಬೇಕು. ಕೊನೆಯದಾದ ಮೇಲೆ ಅಂತಿಮ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಕಾದು ಕಾದು ಸಿಟ್ಟಿಗೆದ್ದವರಿಗೆ ನಿಮ್ಮ ತಾಳ್ಮೆಯನ್ನು ಮೆಚ್ಚುತ್ತೇವೆ ಎನ್ನಬೇಕು. ಎಲ್ಲಕ್ಕಿಂತ ನನ್ನ ಪಿತ್ತ ನೆತ್ತಿಗೇರಿಸಿದ್ದು ಕಾರ್ಯಾಚರಣೆಯ ಕಾರಣಗಳಿಂದ ಎಂಬ ಮಾತು. ಯಂತ್ರ ಕೆಟ್ಟರೂ ಅದೇ, ಪೈಲಟ್ ಬಾರದಿದ್ದರೂ ಅದೇ. ಮೇಲ್ವಿಚಾರಕಿ ಮರಿಯಮ್ ಒಳ್ಳೆಯವಳು, ಆದರೆ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಕೆಟ್ಟಿದೆ ಎಂದು ಮಾತ್ರ ಬಾಯಿ ಬಿಡಬೇಡ, ಜನ ಹೆದರುತ್ತಾರೆ ಎನ್ನುತ್ತಿದ್ದಳು.

ನಮ್ಮ ಮನೆ ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದೆ. ರೈಲು ತಡವಾದರೆ ಅಲ್ಲಿ ಮೈಕಿನ ವಿಷಾದವನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಒಬ್ಬರನ್ನೊಬ್ಬರು ಕೇಳುತ್ತಾರೆ. ಶಹಾಬಾದದ ಹತ್ತಿರ ಇಂಜಿನ್ ಕೆಟ್ಟು ನಿಂತಾದ, ಮನೀಗಿ ಹೋಗಿ ಉಂಡು ಬರ್ರಿ ಎಂದು ಯಾರೋ ಹೇಳುತ್ತಾರೆ, ಜನ ಹೋಗಿ ಉಂಡು ಬರುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳುವವರು ನಾವು, ಬಣ್ಣ ಹಚ್ಚಿ ಹೇಳುವವರು ಇವರು. ಬಹಳ ದಿನ ನಾನು ಹೀಗೆಯೇ ಬೀಗಿದೆ.

ಹೋದ ಬೇಸಿಗೆಯ ಒಂದು ಬೆಳಿಗ್ಗೆ ಹೈದರಾಬಾದಿಗೆ ಹೋಗುವ ವಿಮಾನ ಕೆಟ್ಟಿತು. ಅದಕ್ಕೆ ಬೇಕಾದ ಸಾಮಾನು ಬೇರೆ ಊರಿಂದ ಬರಬೇಕಿತ್ತು, ಸಂಜೆಯವರೆಗೆ ಹೊರಡುವಂತಿರಲಿಲ್ಲ. ನಾನು ಮೈಕಿನಲ್ಲಿ, ಕಾರ್ಯಾಚರಣೆಯ ಕಾರಣಗಳಿಂದ ಸ್ವಲ್ಪ ವಿಳಂಬ ಎಂದೆ. ಒಬ್ಬ ಪ್ರಯಾಣಿಕ ಎದ್ದು ಬಂದು ಹಿಂದಿಯಲ್ಲಿ ಸಮಯ ಕೇಳಿದ. ಪಾಸ್‌ಪೋರ್ಟ್ ನೋಡಿದರೆ ಹೆಸರು ಶರಣಪ್ಪ, ಊರು ಕೊಡ್ಲಿ. ಚಿಂಚೋಳಿ ಕಡೆಯ ಕೊಡ್ಲಿಯೇನ್ರಿ ಎಂದು ಕನ್ನಡದಲ್ಲಿ ಕೇಳಿದೆ. ಅವನ ಮುಖ ಅರಳಿ, ಮರುಕ್ಷಣವೇ ಬಾಡಿತು.

"ಹೌದ್ರಿ ಅಕ್ಕಾ. ಅವ್ವಗ ಜರಾ ಆರಾಮಿಲ್ಲಂತ. ರಾತ್ರಿ ತಮ್ಮ ಫೋನ್ ಮಾಡಿದ್ದ, ಬಂದು ಹೋಗು ಅಂದ."

ನನಗೆ ಅರ್ಥವಾಗಿಹೋಯಿತು. ದೂರದಿಂದ ಬರಬೇಕಾದವರಿಗೆ ನಮ್ಮ ಕಡೆ ಸಾವನ್ನು ಫೋನಿನಲ್ಲಿ ಹೇಳುವುದಿಲ್ಲ. ಸ್ವಲ್ಪ ಮೈ ಹುಷಾರಿಲ್ಲ ಎನ್ನುವ ಹಾಗೆ, ಜರಾ ಆರಾಮಿಲ್ಲ, ಬಂದು ಹೋಗು ಎನ್ನುತ್ತಾರೆ. ಕೇಳಿಸಿಕೊಂಡವರು ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಶರಣಪ್ಪನೂ ಕೇಳಿರಲಿಲ್ಲ.

ಮರಿಯಮ್ ದೂರದಲ್ಲಿದ್ದಳು. ನಾನು ದನಿ ತಗ್ಗಿಸಿ ನಿಜ ಹೇಳಿದೆ: ವಿಮಾನ ಕೆಟ್ಟಿದೆ, ಸಂಜೆತನಕ ಹೋಗುವುದಿಲ್ಲ. ಅವನು ತಮ್ಮನಿಗೆ ಫೋನ್ ಹಚ್ಚಿದ. ಆದರೆ ತಡವಾಗುತ್ತದೆ ಎಂದರೆ, ಯಾವುದಕ್ಕೆ ತಡ ಎಂಬ ಮಾತು ಬರುತ್ತದೆ. ನೀವೇ ಮಾತಾಡ್ರಿ ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಹೋಗಿ ಕುರ್ಚಿಯಲ್ಲಿ ಕುಳಿತ. ನಾನು ಯಾರು, ವಿಮಾನ ಯಾಕೆ ತಡ ಎಂದು ತಮ್ಮನಿಗೆ ಹೇಳಿದೆ.

"ಅಕ್ಕೋರ, ಅವ್ವ ನಿನ್ನಿ ರಾತ್ರಿನೇ ಹೋದ್ಳು," ಎಂದ ತಮ್ಮ. "ಅವನಿಗಿ ಹೇಳಬ್ಯಾಡ್ರಿ, ಒಬ್ಬನೇ ಇದ್ದಾನ. ಬಿಸಿಲು ಭಾಳ ಅದ. ಹೊತ್ತು ಮುಳುಗೂತನಾ ಕಾಯತೀವಿ, ಆಮ್ಯಾಲ ಮಣ್ಣು ಮಾಡಲೇಬೇಕು."

ಹೊತ್ತು ಮುಳುಗುವುದರೊಳಗೆ ಕೊಡ್ಲಿ ಮುಟ್ಟಬೇಕೆಂದರೆ ಇದ್ದದ್ದು ಒಂದೇ ದಾರಿ. ಹೈದರಾಬಾದಿಗೆ ಇನ್ನೊಂದು ಕಂಪನಿಯ ವಿಮಾನ ಸ್ವಲ್ಪ ಹೊತ್ತಿನಲ್ಲೇ ಹೊರಡುವುದಿತ್ತು. ಮರಿಯಮ್ ಹತ್ತಿರ ಓಡಿದೆ. ಅದರಲ್ಲಿ ಸೀಟು ಕೊಡಿಸಬಹುದು, ಆದರೆ ಮನೆಯಲ್ಲಿ ಸಾವಾಗಿದ್ದರೆ ಮಾತ್ರ, ಅದನ್ನು ಪ್ರಯಾಣಿಕನೇ ಹೇಳಬೇಕು, ಅದು ನಿಯಮ ಎಂದಳು. ನನ್ನೊಂದಿಗೆ ಬಂದು ಅವನೆದುರು ನಿಂತು, ಕೇಳು ಎಂದು ನನಗೆ ಸನ್ನೆ ಮಾಡಿದಳು.

ಇಷ್ಟು ದಿನ ಬಣ್ಣ ಹಚ್ಚಿದ ಮಾತಿಗೆ ಮೂಗು ಮುರಿದವಳು ನಾನು. ಈಗ ಬಣ್ಣವಿಲ್ಲದ ಮಾತನ್ನು ಆಡಬೇಕಾದ ಗಳಿಗೆ ಬಂದಿತ್ತು. ಪಕ್ಕದಲ್ಲಿ ಕುಳಿತು, ಅಣ್ಣಾ, ನಿಮ್ಮ ತಮ್ಮ ನನ್ನ ಕೂಡ ಮಾತಾಡಿದ ಎಂದಷ್ಟೇ ಅಂದೆ. ಅವನು ಕೈ ಎತ್ತಿ ತಡೆದ.

"ಅಷ್ಟಕ್ಕ ಬಿಡ್ರಿ ಅಕ್ಕಾ. ಇಲ್ಲಿ ಕೇಳಿದ್ರ ಇಲ್ಲೇ ಕುಂದ್ರತೀನಿ, ಎದ್ದು ಹೋಗಲಿಕ್ಕ ಆಗಂಗಿಲ್ಲ. ಆಕಿಗಿ ಏನ್ ಹೇಳಬೇಕೋ ನೀವೇ ಹೇಳ್ರಿ."

ನಾನು ಮರಿಯಮ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ, ಇವನ ತಾಯಿ ಸತ್ತಿದ್ದಾಳೆ ಎಂದು. ಶರಣಪ್ಪ ಏನೂ ಕೇಳಿಸದವನಂತೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ಮರಿಯಮ್ ಅವನನ್ನೇ ನೋಡಿದಳು. ಮತ್ತೆ ಕೇಳಲಿಲ್ಲ. ಪ್ರಯಾಣಿಕನೇ ಹೇಳಿದ್ದಾನೆ ಎಂದು ಕಂಪ್ಯೂಟರಿನಲ್ಲಿ ಬರೆದಳು.

ಆ ವಿಮಾನದ ಬಾಗಿಲವರೆಗೆ ಅವನೊಂದಿಗೆ ನಡೆದೆ. ಅಲ್ಲಿಯ ಹುಡುಗಿ ನಗುತ್ತ, ನಿಮ್ಮ ಪ್ರಯಾಣವನ್ನು ಆನಂದಿಸಿ ಎಂದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಪಾಪ, ಅವಳಿಗೂ ಹಾಗೆಯೇ ಕಲಿಸಿದ್ದಾರೆ. ಅವನ ಫೋನಿನಲ್ಲಿ ನನ್ನ ನಂಬರ್ ಹಾಕಿಕೊಟ್ಟು, ಹೋಗಿ ಬರ್ರಿ ಅಣ್ಣಾ ಎಂದು ಕಳಿಸಿ ನನ್ನ ಬಾಗಿಲಿಗೆ ವಾಪಸು ಬಂದೆ. ವಿಮಾನ ಸಂಜೆ ಹೋಗುತ್ತದೆ, ಎಲ್ಲರೂ ಹೋಗಿ ಊಟ ಮಾಡಿ ಬನ್ನಿ ಎಂದು ಮೈಕಿನಲ್ಲೇ ಹೇಳಿದೆ. ಮರಿಯಮ್ ಕಣ್ಣು ಬಿಟ್ಟಳು, ಆದರೆ ಬೈಯಲಿಲ್ಲ.

ಮರುದಿನ ಶರಣಪ್ಪನ ಫೋನ್ ಬಂತು. "ಮುಖ ನೋಡ್ದೆ ಅಕ್ಕಾ," ಎಂದ, ಅಷ್ಟೇ.

ಆಗಿನಿಂದ ನಾನು ಎರಡೂ ಕಡೆಗೆ ಪೂರ್ತಿ ಸೇರದವಳಾಗಿದ್ದೇನೆ. ಇಲ್ಲಿ ಮೈಕ್ ಹಿಡಿದರೆ ವಾಡಿಯ ಹಾಗೆ ಇದ್ದದ್ದನ್ನು ಹೇಳಿಬಿಡಬೇಕೆನಿಸುತ್ತದೆ. ವಾಡಿಯಿಂದ ಫೋನ್ ಬಂದರೆ, ಇವರು ಏನನ್ನು ಮುಚ್ಚಿಡುತ್ತಿದ್ದಾರೋ ಎಂದು ಕಿವಿ ನಿಮಿರುತ್ತದೆ. ಮೊನ್ನೆ ತಂಗಿ ಸುಜಾತಾಗೆ ಹೇಳಿಯೇಬಿಟ್ಟೆ, ಅಂಥ ಹೊತ್ತು ಬಂದರೆ ಜರಾ ಆರಾಮಿಲ್ಲ ಅಂತಲೇ ನನಗೂ ಹೇಳು, ನಾನು ಏನೂ ಕೇಳುವುದಿಲ್ಲ ಎಂದು. ಅವಳು ಹುಚ್ಚಿ ಎಂದು ಬೈದು ಫೋನನ್ನು ಅವ್ವನಿಗೆ ಕೊಟ್ಟಳು. ಆರಾಮಿದ್ದೀ ಏನವ್ವಾ ಎಂದು ಕೇಳಿದೆ.

"ಎಲ್ಲೀ ಆರಾಮವ್ವಾ, ಜರಾ ಆರಾಮಿಲ್ಲ. ನೆಗಡಿ ಆಗ್ಯಾದ," ಎಂದು ಅವ್ವ ಸೀನಿದಳು.

ನಾನು ಅತ್ತೆ, ನಕ್ಕೆ. ಆ ಮಾತನ್ನು ಅವಳೇ ಹೇಳುತ್ತಿರುವ ತನಕ ನನಗೆ ಭಯವಿಲ್ಲ.