ದೇವರ ಮನೆಯ ಹಳದಿ ನೆಲ

ಇವತ್ತು ಕಮ್ಮನಹಳ್ಳಿಯ ಅಂಗಡಿಯೊಂದರಲ್ಲಿ ನಿಂತಿದ್ದಾಗ ಸಾಂಬ್ರಾಣಿ ಹೊಗೆ ಹಾಕುವವರು ಬಂದರು. ಅವರ ಬಟ್ಟಲಿನಿಂದ ಒಂದು ಕೆಂಡ ನೆಲಕ್ಕೆ ಬಿತ್ತು.

ಚಿಕ್ಕಂದಿನಲ್ಲಿ ಜೋಗುಪಾಳ್ಯದ ನಮ್ಮ ಮನೆಯಲ್ಲಿ ಎಲ್ಲ ಕಡೆ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಹಾಕಿದ ರೆಡ್ ಆಕ್ಸೈಡ್ ನೆಲ. ದೇವರ ಮನೆಗೆ ಮಾತ್ರ ಅಜ್ಜಿ ಹಟ ಹಿಡಿದು ಹಳದಿ ಪುಡಿಯ ನೆಲ ಹಾಕಿಸಿದ್ದರು. ಮೇಸ್ತ್ರಿ ಅದನ್ನು ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದ್ದರು. ತಿಂಗಳೂ ಆಗಿರಲಿಲ್ಲ, ಒಂದು ಶುಕ್ರವಾರ ನಾನು ಧೂಪದ ಬಟ್ಟಲು ಹಿಡಿದು ಕುಣಿಯುತ್ತಾ ಹೋಗಿ ಕೆಂಡ ಬೀಳಿಸಿದೆ. ಎತ್ತುವಷ್ಟರಲ್ಲಿ ಹಳದಿಯ ನಡುವೆ ಕೆಂಪು ಕಲೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗಲಿಲ್ಲ.

ಅಜ್ಜಿ ಕೇಳಿದಾಗ, "ಮೇಸ್ತ್ರಿನೇ ಕೆಂಪು ಪುಡಿ ಬೆರೆಸ್ಬಿಟ್ಟಿದ್ದಾರೆ" ಎಂದುಬಿಟ್ಟೆ.

ಅಜ್ಜಿ ಅವರನ್ನು ಕರೆಸಿದರು. "ಏನ್ರೀ ಮೇಸ್ತ್ರಿ, ದೇವರ ಮನೇಲಿ ಇಂಥ ಕೆಲ್ಸಾನಾ?"

ಮೇಸ್ತ್ರಿ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ನೆಲ ಹಾಕಿ ಉಳಿದಿದ್ದ ಹಳದಿ ಪುಡಿಯನ್ನು ಡಬ್ಬಿಯ ಮುಚ್ಚಳಕ್ಕೆ ಹಾಕಿ ಸ್ಟೌ ಮೇಲಿಟ್ಟರು. ನೋಡನೋಡುತ್ತಿದ್ದಂತೆ ಅದು ಇಟ್ಟಿಗೆಯ ಹಾಗೆ ಕೆಂಪಾಯಿತು.

"ಹಳದೀನೂ ಕಬ್ಬಿಣದ ತುಕ್ಕೇ, ಕೆಂಪೂ ತುಕ್ಕೇ ಅಮ್ಮಾ. ಹಳದಿ ಒಳಗೆ ನೀರಿರುತ್ತೆ. ಬೆಂಕಿ ತಾಗಿದ್ರೆ ನೀರು ಹೋಗ್ಬಿಡುತ್ತೆ, ಕೆಂಪಾಗುತ್ತೆ. ನಾನೇನೂ ಬೆರೆಸಿಲ್ಲ."

ಅಜ್ಜಿ ಮೊದಲು ಮುಚ್ಚಳವನ್ನು ನೋಡಿದರು, ಆಮೇಲೆ ನನ್ನನ್ನು. "ಮೇಸ್ತ್ರಿಗೆ ಕಾಫಿ ನೀನೇ ತಂದ್ಕೊಡು" ಎಂದರು, ಅಷ್ಟೇ. ಲೋಟ ಕೊಡುವಾಗ ಅರ್ಧ ಕಾಫಿ ನನ್ನ ಕೈ ಮೇಲೇ ಚೆಲ್ಲಿತು.

ಇವತ್ತು ಅಂಗಡಿಯವರು ಕೆಂಡವನ್ನು ಚಪ್ಪಲಿಯಿಂದ ಆಚೆ ತಳ್ಳಿದರು. ಬಿಳಿ ಟೈಲ್ಸ್ ಮೇಲೆ ಗುರುತೇ ಇಲ್ಲ. ನಮ್ಮದೂ ಇಂಥ ನೆಲವಾಗಿದ್ದರೆ ನಾನು ಸುಳ್ಳು ಹೇಳಬೇಕಾಗಿರಲಿಲ್ಲ. ಮೇಸ್ತ್ರಿಗೆ ಆ ಅರ್ಧ ಲೋಟ ಕಾಫಿಯೂ ಸಿಗುತ್ತಿರಲಿಲ್ಲ.